ವೀರಮ್ಮ ಮಗನ ಬಗ್ಗೆ ಹೇಳಿದ್ದು

ಬೀಚನಹಳ್ಳಿ,
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಂಡಿನೋವು ಹೇಗಿದೆ? ಪರವಾಗಿಲ್ಲ ಎಂದು ಶೃತಿ ಹೇಳಿದಳು. ಆದರೆ ನಿನ್ನ ಮಗಳು ಎಲ್ಲಕ್ಕೂ ಪರವಾಗಿಲ್ಲ ಅನ್ನುವವಳೇ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡ. ಕೊಯ್ಲು ಹತ್ತಿರ ಬಂತು ಎಂದು ಗದ್ದೆಯಲ್ಲಿ ಬಗ್ಗಿ ನಿಲ್ಲಬೇಡ. ಈ ಕಾಗದವನ್ನು ಚಿನ್ನು ಕೈಲಿ ಓದಿಸಬೇಡ, ಮೊಮ್ಮಗಳ ಬಾಯಲ್ಲಿ ಬರುವ ಮಾತಲ್ಲ ಇದು, ಕನ್ನಡಕ ಹಾಕಿಕೊಂಡು ನೀನೇ ಓದು. ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ಮೂರು ಸಲ ಹೇಳಲು ಹೊರಟೆ, ಮೂರು ಸಲವೂ ನೀನು "ಉಂಡ್ಯಾ ಮಗ" ಅಂದೆ, ನಾನು ಉಂಡೆ ಅಂದು ಇಟ್ಟುಬಿಟ್ಟೆ.

ಈ ರೆಸಾರ್ಟಿಗೆ ನಾನು ಮ್ಯಾನೇಜರಾಗಿ ಬಂದು ಮೂರು ತಿಂಗಳಾಯಿತಲ್ಲ, ಬಂದ ದಿನವೇ ಮೈಸೂರಿನ ಮಾಲೀಕರು ಒಂದು ಕೆಲಸ ಒಪ್ಪಿಸಿದ್ದರು. ಇಲ್ಲಿ ನಲವತ್ತೆರಡು ಜನ ಇದ್ದಾರೆ, ಒಬ್ಬೊಬ್ಬರನ್ನೂ ತಿಳಿದುಕೊಳ್ಳಿ, ಯಾರು ಹೇಗೆ ಎಂದು ಬರೆದು ಕೊಡಿ, ಸೀಸನ್ನಿಗೆ ಮುಂಚೆ ನಾಲ್ಕು ಜನರನ್ನು ಕೆಲಸದಿಂದ ತೆಗೆಯಬೇಕು ಎಂದರು. ನಾನು ಹಳೆಯ ಮ್ಯಾನೇಜರನ ಹಾಗೆ ಎ.ಸಿ. ರೂಮಿನಲ್ಲಿ ಕೂತು ಅಳೆಯುವವನಲ್ಲ ಎಂಬ ಜಂಬ ನನಗೆ. ಎಲ್ಲರ ಹೆಸರು, ಊರು, ಮಕ್ಕಳೆಷ್ಟು ಎಂದು ಬಾಯಿಪಾಠ ಮಾಡಿದೆ. ಅವರ ಪಂಕ್ತಿಯಲ್ಲೇ ಕೂತು ಮುದ್ದೆ ಉಂಡೆ. ಆಮೇಲೆ ಹಿನ್ನೀರಿನ ಕಡೆಯ ಹೊಂಗೆಮರದ ಕೆಳಗೆ ಎರಡು ಕುರ್ಚಿ ಹಾಕಿಸಿ, ಒಬ್ಬೊಬ್ಬರನ್ನೇ ಕರೆದು ಟೀ ಕೊಟ್ಟು ಮಾತಾಡಿಸಿದೆ. ನಿಮ್ಮ ಕೆಲಸ ಏನು, ಕಷ್ಟ ಏನು, ನಿಮ್ಮ ಜೊತೆಯವರು ಹೇಗೆ ಎಂದು ಕೇಳಿದೆ. ಒಳ್ಳೆಯದನ್ನು ನೀಲಿ ಇಂಕಿನಲ್ಲಿ, ಕೆಟ್ಟದ್ದನ್ನು ಕೆಂಪು ಇಂಕಿನಲ್ಲಿ ಬರೆದುಕೊಂಡೆ. ಹದಿನೈದು ದಿನದಲ್ಲಿ ಎಲ್ಲರನ್ನೂ ಅರೆದು ಕುಡಿದೆ ಅಂದುಕೊಂಡೆ, ಮುಠ್ಠಾಳ.

ಅಡುಗೆಮನೆಯ ವೀರಮ್ಮ ಅಂತರಸಂತೆ ಕಡೆಯವರು. ನಿನ್ನದೇ ವಯಸ್ಸು, ಸೊಪ್ಪಿನ ಸಾರಂತೂ ಥೇಟ್ ನಿನ್ನ ಕೈಯದೇ. ಗಂಡ ಇಲ್ಲ, ಇರುವವನು ಒಬ್ಬನೇ ಮಗ ಚಿಕ್ಕಮಾದು, ಇಪ್ಪತ್ತೇಳು ವರ್ಷ. ಅವನೂ ಇಲ್ಲೇ ಪಂಪು, ಜನರೇಟರು ನೋಡಿಕೊಳ್ಳುತ್ತಿದ್ದ. ನಾನು ಒಂಬತ್ತಕ್ಕೆ ಆಫೀಸಿಗೆ ಹೋಗುವಾಗ ಅವನು ಪಂಪ್‌ಹೌಸಿನ ನೆರಳಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ಬೆಳಗಿನ ಐದಕ್ಕೇ ಬಂದು ಟ್ಯಾಂಕೆಲ್ಲ ತುಂಬಿಸಿ ಕೂತವನು ಎಂದು ನನಗೆ ಗೊತ್ತಿರಲಿಲ್ಲ. ಐದಕ್ಕೆ ನಾನು ಎದ್ದಿದ್ದರೆ ತಾನೆ ಗೊತ್ತಾಗಲು.

ವೀರಮ್ಮ ಹೊಂಗೆಮರದ ಕೆಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮಗ ಹೇಗೆ ಕೆಲಸ ಮಾಡುತ್ತಾನೆ ಎಂದು ಕೇಳಿದೆ. ಸೆರಗನ್ನು ಬಾಯಿಗೆ ಹಿಡಿದು ನಕ್ಕು, "ಅಯ್ಯೋ, ಅವನ್ ಸುದ್ದಿ ಯಾಕ್ ಕೇಳೀರಿ ಬುಡಿ ಸಾ. ಸೋಂಬೇರಿ ಕಣ್ರೀ. ಒಂದ್ ಕೆಲ್ಸ ನೆಟ್ಗೆ ಮಾಡಾಕ್ ಬರಾಕಿಲ್ಲ. ನಿಮ್ಮಂತೋರು ಇಟ್ಕೊಂಡಿದ್ದೀರಿ, ಅದೇ ದೊಡ್ದು" ಅಂದರು. ಹೆತ್ತವಳೇ ಹೀಗೆ ಹೇಳಿದ ಮೇಲೆ ಇನ್ನೇನು ಸಾಕ್ಷಿ ಬೇಕು ಎಂದುಕೊಂಡು ಪದಪದವನ್ನೂ ಕೆಂಪಿನಲ್ಲಿ ಬರೆದೆ. ತೋಟದ ಕರಿಯಯ್ಯ ಮಾತ್ರ "ಚಿನ್ನದಂತ ಐದ ಸಾ" ಎಂದು ಹುಡುಗನನ್ನು ಹೊಗಳಿದ್ದ. ಒಂದೇ ಊರಿನವರು, ಹೊಗಳದೆ ಇರುತ್ತಾರೆಯೇ ಎಂದು ಅದನ್ನು ಬರೆಯಲೇ ಇಲ್ಲ. ಹೊರಗಿನಿಂದ ಬಂದವರೆಲ್ಲ ತಮ್ಮ ತಮ್ಮ ಜನರನ್ನು ಬಾಯಿ ತುಂಬ ಹೊಗಳಿದರು, ಅದನ್ನೆಲ್ಲ ನೀಲಿಯಲ್ಲಿ ಬರೆದೆ. ಕೆಲಸದಿಂದ ತೆಗೆಯಲು ನಾನು ಕೊಟ್ಟ ನಾಲ್ಕು ಹೆಸರಿನಲ್ಲಿ ಚಿಕ್ಕಮಾದುವಿನದು ಮೊದಲನೆಯದು.

ಅವನು ಬೀಗದ ಕೈ ಮೇಜಿನ ಮೇಲಿಟ್ಟು ಹೋದ. ಈಗ ಕೊಡಗಿನ ಕಡೆ ಕಾಫಿ ತೋಟದಲ್ಲಿ ಇದ್ದಾನಂತೆ. ನಾಲ್ಕು ದಿನ ಬಿಟ್ಟು ವೀರಮ್ಮ ಆಫೀಸಿಗೆ ಬಂದರು. ಜಗಳಕ್ಕೆ ಬಂದರೇನೋ ಎಂದುಕೊಂಡೆ. ಅವರು ಕೈಮುಗಿದು, "ಯಾರೋ ಒಗಳ್ಬುಟ್ಟವ್ರೆ ಸಾ ನನ್ ಮಗನ್ನ. ಕಣ್ ಬಿತ್ತು. ನಾನು ಯಾರ್ ಮುಂದೂ ಒಂದ್ ಒಳ್ಳೆ ಮಾತ್ ಆಡ್ದೆ ಕಾಯ್ಕೊಂಡ್ ಬಂದಿದ್ದೆ" ಅಂದರು.

ಅವ್ವಾ, ಆಗ ನೀನು ನೆನಪಾದೆ. ನನಗೆ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ದೇವರಾಜು ಮಾವ ಜಗಲಿಯಲ್ಲಿ ಹೊಗಳುತ್ತಿದ್ದರೆ ನೀನು "ಎಮ್ಮೆ ಕಾಯಾಕೂ ಲಾಯಕ್ಕಿಲ್ಲ ಇವ್ನು" ಎಂದು ಬೈದಿದ್ದೆ. ಅವತ್ತು ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೆ. ಬೈಗುಳದ ಒಳಗೆ ಏನಿದೆ ಎಂದು ಹತ್ತು ವರ್ಷದ ಮಗುವಿಗೂ ಗೊತ್ತಿರುವ ಮಣ್ಣಿನಲ್ಲಿ ಹುಟ್ಟಿದವನು ನಾನು. ಮಾಲೀಕರಿಗೆ ಗೊತ್ತಾಗದಿದ್ದರೆ ಸರಿ, ನನಗೇನು ಬಂದಿತ್ತು ಕೇಡು? ಪೆನ್ನು ಹಿಡಿದು ಕುರ್ಚಿಯಲ್ಲಿ ಕೂತ ಕೂಡಲೇ ನಮ್ಮ ಜನರ ಮಾತೇ ಅರ್ಥವಾಗದಷ್ಟು ದೊಡ್ಡ ಮನುಷ್ಯನಾದೆ.

ಮಾಲೀಕರಿಗೆ ಫೋನ್ ಮಾಡಿ ತಪ್ಪಾಗಿದೆ, ಹುಡುಗನನ್ನು ವಾಪಸು ಕರೆಯೋಣ ಎಂದೆ. ಅವರು ನಕ್ಕರು. ತಾಯಿಯೇ ಹೇಳಿದ್ದನ್ನು ನೀವೇ ಬರೆದಿದ್ದೀರಲ್ಲ, ಇನ್ನು ಹೊಸ ಆಳೂ ಬಂದಾಯಿತು, ಅಂದರು. ನನ್ನ ವರದಿ ಅವರಿಗೆ ಬಹಳ ಹಿಡಿಸಿದೆಯಂತೆ, ಇಷ್ಟು ಚೆನ್ನಾಗಿ ಜನರನ್ನು ಅರಿತ ಮ್ಯಾನೇಜರನ್ನು ಅವರು ನೋಡಿಲ್ಲವಂತೆ. ಥ್ಯಾಂಕ್ಯೂ ಸರ್ ಎಂದು ಹೇಳಿ ಫೋನ್ ಇಟ್ಟೆ.

ಇಲ್ಲಿ ಚಳಿ ಶುರುವಾಗಿದೆ. ನೀನು ಕೊಟ್ಟ ಕಂಬಳಿ ಹೊದೆಯುತ್ತಿದ್ದೇನೆ, ಆ ಚಿಂತೆ ಬೇಡ. ಶೃತಿಗೆ, ಮಾವನಿಗೆ ನಾನು ಕೇಳಿದೆ ಎಂದು ಹೇಳು, ಚಿನ್ನುಗೆ ಒಂದು ಮುತ್ತು. ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೊ, ಆಶೀರ್ವಾದಕ್ಕೆ ಲಾಯಕ್ಕು ಅನ್ನಿಸಿದರೆ ಮಾಡು.

ನಿನ್ನ ಮಗ,
ಶಶಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ವೀರಮ್ಮನಿಗೆ ನಾನು ನಿಜ ಹೇಳಲಿಲ್ಲ. ಮಗನನ್ನು ಹೊಗಳಿದವನು ಕರಿಯಯ್ಯ ಎಂದು ಯಾರೋ ಅವರಿಗೆ ತಿಳಿಸಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಆ ಮುದುಕ ಉಂಡದ್ದು ವೀರಮ್ಮ ಬಡಿಸಿದ ಊಟ. ಈಗ ಅವರು ಅವನ ತಟ್ಟೆಗೆ ಬಡಿಸುವುದಿಲ್ಲ, ಅವನು ಬಂದರೆ ಮುಖ ತಿರುಗಿಸುತ್ತಾರೆ. ಮುಂದಿನ ವಾರದ ಶನಿವಾರ ಎಚ್.ಡಿ. ಕೋಟೆ ಬಸ್ಸು ಹತ್ತಿ ಬಂದುಬಿಡು ಅವ್ವಾ, ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಮಗನ ಕೆಲಸಕ್ಕೆ ಮುಳುವಾದದ್ದು ನಿಮ್ಮದೇ ಮಾತು, ಅದನ್ನು ಬರೆದವನು ನಾನು ಎಂದು ಒಬ್ಬ ತಾಯಿಗೆ ಹೇಳಲು ನನ್ನೊಬ್ಬನ ಕೈಲಿ ಆಗುವುದಿಲ್ಲ, ನೀನು ಪಕ್ಕದಲ್ಲಿರು. ಈಗ ತಾನೆ ಕರಿಯಯ್ಯ ಟವೆಲು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದು, "ನಾನ್ ಒಗಳಿದ್ಕೇ ಐದನ್ ಕೆಲ್ಸ ಓಯ್ತಾ ಸಾ?" ಎಂದು ಕೇಳಿ ಹೋದ. ನಾನು ಅಲ್ಲ ಅನ್ನಲಿಲ್ಲ.