ಏಳನೆಯ ಡಬ್ಬಿ ನಿಮ್ಮ ಕಚೇರಿಗೆ ಬಂದೇ ಇಲ್ಲ

ಬಂದ್ಯೋಡು
8 ಏಪ್ರಿಲ್ 2018, ಭಾನುವಾರ

ಹಳೆಯ ಚಲನಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಉಳಿಸುವ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಈಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದೆ, ಗಂಜಿ ಉಂಡೆ, ನಿಮ್ಮ ನಮೂನೆಯನ್ನು ನಾಲ್ಕನೆಯ ಸಲ ಓದಿದೆ. ನಾನು ಕೊಟ್ಟ ಫಿಲ್ಮಿನ ಡಬ್ಬಿಗಳು ನನಗೆ ವಾಪಸು ಬೇಕಾದರೆ ಅದಕ್ಕೆ ಸಹಿ ಹಾಕಬೇಕಂತೆ. ಅದರ ಮೂರನೆಯ ಸಾಲು ಹೀಗಿದೆ: ‘ಮನೆಯವರ ಅಜಾಗ್ರತೆಯಿಂದಲೇ ಫಿಲ್ಮು ಹಾಳಾಗಿದೆ ಎಂದು ಒಪ್ಪಿಕೊಂಡಿದ್ದೇನೆ.’ ಹದಿನೈದು ದಿನದೊಳಗೆ ಸಹಿ ಹಾಕದಿದ್ದರೆ ಡಬ್ಬಿಗಳನ್ನು ನಾಶಪಡಿಸುತ್ತೀರಂತೆ. ನೀವು ಹೇಳುವ ಆ ಮನೆಯವರು ಎಂದರೆ ನನ್ನ ಹೆಂಡತಿ ಮಗ್ದಲಿನ್. ಅವಳು ಕಳೆದ ಡಿಸೆಂಬರಿನಲ್ಲಿ ತೀರಿಕೊಂಡಳು. ಆ ಸಾಲಿನ ಕೆಳಗೆ ನಾನು ಸಹಿ ಹಾಕುವುದಿಲ್ಲ. ನಿಮ್ಮ ಕಚೇರಿಯ ಫೋನನ್ನು ಯಾರೂ ಎತ್ತುವುದಿಲ್ಲವಾದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಇಲ್ಲಿಯ ಟಾಕೀಸಿನಲ್ಲಿ ಮೂವತ್ತನಾಲ್ಕು ವರ್ಷ ಪ್ರೊಜೆಕ್ಟರ್ ನಡೆಸಿದವನು. ಎಪ್ಪತ್ತಮೂರರಲ್ಲಿ ಈ ಕಡೆಯವರೇ ನಾಲ್ಕು ಜನ ಸೇರಿ ಶಿರಿಯ ಹೊಳೆಯ ದೋಣಿ ಕಡವಿನಲ್ಲಿ ಒಂದು ಕನ್ನಡ ಸಿನೆಮಾ ತೆಗೆದರು. ಕಪ್ಪು ಬಿಳುಪು, ಹನ್ನೆರಡು ರೀಲು. ಎರಡು ವಾರ ಓಡಿತು. ಎರಡನೆಯ ವಾರ ನೋಡಿದವರು ಹೆಚ್ಚಾಗಿ ನಾನು ಮತ್ತು ಗೇಟು ಕಾಯುವವನು. ಪ್ರಿಂಟನ್ನು ಕೊಂಡುಹೋಗಲು ಯಾರೂ ಬರಲಿಲ್ಲ. ಟಾಕೀಸು ಮುಚ್ಚಿದಾಗ ಧಣಿಗಳು, “ಆಗಸ್ಟಿನ್, ಇದನ್ನು ನೀನೇ ಇಟ್ಟುಕೋ ಮಾರಾಯ, ಇಲ್ಲದಿದ್ದರೆ ಗುಜರಿಗೆ ಹೋಗ್ತದೆ” ಎಂದರು. ಬೇರೆ ಪ್ರಿಂಟು ಎಲ್ಲಿಯೂ ಇಲ್ಲವೆಂದು ನಿಮ್ಮ ಕಚೇರಿಯೇ ಆಮೇಲೆ ಬರೆದು ತಿಳಿಸಿತು. ಮಗ್ದಲಿನ್ ಆ ಸಿನೆಮಾವನ್ನು ಪೂರ್ತಿ ನೋಡಿದವಳೇ ಅಲ್ಲ. ರಾತ್ರಿಯ ಊಟ ತಂದಾಗ ಕ್ಯಾಬಿನ್ನಿನ ಕಿಂಡಿಯಿಂದ ಒಂದಿಷ್ಟು ನೋಡಿ, ಬುತ್ತಿ ತೊಳೆದು ಹೋಗುತ್ತಿದ್ದಳು.

ಆದರೂ ಡಬ್ಬಿಗಳನ್ನು ಸಾಕಿದವಳು ಅವಳೇ. ಹಳೆಯ ಫಿಲ್ಮು ಕೆಡಲು ತೊಡಗಿದರೆ ಹುಳಿ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಕಳ್ಳನ್ನು ಹುಳಿಯಾಗಲು ಬಿಟ್ಟು ಶಿರ್ಕ ಮಾಡುವ ಕ್ರಮ ಉಂಟು. ಹಂದಿ ಮಾಂಸಕ್ಕೆ ಅದಿಲ್ಲದೆ ಆಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದ ದಿನವೇ ಅವಳಿಗೆ ಗೊತ್ತಾಯಿತು. “ಇದು ಶಿರ್ಕದ ವಾಸನೆ. ಹುಳಿ ಹತ್ತಿದೆ. ಬಿಸಿಲು ತೋರಿಸದೆ ಆಗ್ಲಿಕ್ಕಿಲ್ಲ” ಎಂದಳು. ಅಂದಿನಿಂದ ಪ್ರತಿ ಏಪ್ರಿಲಿನಲ್ಲಿ ಚಾಪೆ, ದಿಂಬು, ಒಣಮೀನುಗಳ ಜೊತೆ ಹನ್ನೆರಡು ರೀಲುಗಳೂ ತಾರಸಿಗೆ ಹೋದವು. ಮೇಲೆ ತೆಳು ಬಟ್ಟೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕಾಗೆ ಬಾರದಂತೆ ಅವಳು ಕೋಲು ಹಿಡಿದು ಕೂರುತ್ತಿದ್ದಳು. ಫಿಲ್ಮಿಗೆ ಬಿಸಿಲು ಆಗದೆಂದು ನನಗೆ ಗೊತ್ತಿರಬೇಕಿತ್ತು. ಕ್ಯಾಬಿನ್ನಿನಲ್ಲಿ ಬೆಂಕಿಯ ಭಯ ಹೇಳಿಕೊಟ್ಟಿದ್ದರು, ಬಿಸಿಲಿನದ್ದು ಯಾರೂ ಹೇಳಿರಲಿಲ್ಲ. ವಾಸನೆ ಕಮ್ಮಿಯಾಗುತ್ತಿತ್ತು, ನಮಗೆ ಅಷ್ಟು ಸಾಕಾಗಿತ್ತು.

ನಿಮ್ಮ ಜಾಹೀರಾತು ನೋಡಿ 2016ರ ಏಪ್ರಿಲಿನಲ್ಲಿ ನೆರೆಮನೆಯ ನೌಷಾದನ ಜೀಪಿನಲ್ಲಿ ಡಬ್ಬಿಗಳನ್ನು ನಿಮ್ಮಲ್ಲಿಗೆ ತಂದೆವು. ‘ಈವರೆಗೆ ಹೇಗೆ ಕಾಪಾಡಿದ್ದೀರಿ?’ ಎಂದು ನಿಮ್ಮ ಅರ್ಜಿಯಲ್ಲಿ ಕೇಳಿತ್ತು. ನಾನು ಹೆಮ್ಮೆಯಿಂದ ‘ಪ್ರತಿ ವರ್ಷ ಬಿಸಿಲಿಗೆ ಇಟ್ಟು’ ಎಂದು ಬರೆದೆ. ಸಂಜೆ ಮನೆಗೆ ಬಂದು ನೋಡಿದರೆ ಏಳನೆಯ ರೀಲು ತಾರಸಿಯಲ್ಲೇ ಉಳಿದಿತ್ತು. ಅವಸರದಲ್ಲಿ ಖಾಲಿ ಡಬ್ಬಿಯನ್ನೂ ಬಿಟ್ಟುಹೋಗಿದ್ದೆವು. ಮರುದಿನವೇ ನಿಮಗೆ ಕಾರ್ಡು ಬರೆದೆ, ಉತ್ತರ ಬರಲಿಲ್ಲ. ನಿಮ್ಮ ರಸೀದಿಯಲ್ಲಿ ಮಾತ್ರ ಹನ್ನೆರಡು ಡಬ್ಬಿ ತಲುಪಿದೆ ಎಂದು ಉಂಟು. ಎಣಿಸದೆ ಬರೆದ ಗುಮಾಸ್ತರ ಮೇಲೆ ಆಗ ನನಗೆ ಸಿಟ್ಟು ಬಂದಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಿಮ್ಮ ಪತ್ರ ಇಲ್ಲಿಯ ಸರಕಾರದ ಭಾಷೆಯಾದ ಮಲಯಾಳದಲ್ಲಿ ಬಂತು. ನಾನು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಓದಲು ನೌಷಾದನನ್ನು ಕರೆದೆ. ಮಗ್ದಲಿನ್ ಆಗಲೇ ಹಾಸಿಗೆ ಹಿಡಿದಿದ್ದಳು. ನೌಷಾದ್ ಓದುತ್ತ ಓದುತ್ತ ನಡುವೆ ಕೆಮ್ಮಿ ಮುಂದಕ್ಕೆ ಹೋದ.

“ಒಂದು ಸಾಲು ಹಾರಿಸಿದೆ ನೀನು” ಎಂದಳು.

“ಇಲ್ಲ ಬಾಯಮ್ಮ, ಅಲ್ಲಿ ಸೀಲು ಬಿದ್ದು ಅಕ್ಷರ ಕಾಣುವುದಿಲ್ಲ.”

“ಸೀಲು ಕೆಳಗೆ ಉಂಟು. ನನಗೆ ಆ ಅಕ್ಷರ ಬರುವುದಿಲ್ಲ, ಆದರೆ ಕಣ್ಣು ಕಾಣ್ತದೆ. ಓದು.”

ಅವನು ಓದಿದ. ಬಿಸಿಲಿಗೆ ಇಟ್ಟ ಅಜಾಗ್ರತೆಯಿಂದ ಹನ್ನೆರಡೂ ರೀಲುಗಳು ಕುಗ್ಗಿ ಹೋಗಿವೆ, ಸ್ಕ್ಯಾನಿಂಗಿಗೆ ಯೋಗ್ಯವಲ್ಲ. ಓದಿ ಮುಗಿಸಿ, “ಇವರ ಮಾತು ಎಂತಕ್ಕೆ ಬಾಯಮ್ಮ? ನಮ್ಮ ರೋಡಿನ ಹೊಂಡ ಕಾಣದವರಿಗೆ ಫಿಲ್ಮು ಕುಗ್ಗಿದ್ದು ಕಂಡಿತಾ?” ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. “ಬಿಸಿಲಿಗೆ ಹಾಕಿದ್ದು ನಾನೇ ಅಲ್ವಾ” ಎಂದಳು. ಮುಂದಿನ ಎರಡು ತಿಂಗಳಲ್ಲಿ ಅದೇ ಮಾತನ್ನು ಎಷ್ಟು ಸಲ ಕೇಳಿದಳೆಂದು ನನ್ನ ಡೈರಿಯಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಪ್ರತಿ ಸಲವೂ ಇಲ್ಲ ಎಂದೆ. ಕಾಯಿಲೆಯವರಿಗೆ ಸಮಾಧಾನ ಹೇಳುವ ದನಿ ಹೇಗಿರುತ್ತದೆಂದು ಅವಳಿಗೂ ಗೊತ್ತಿತ್ತು.

ಹನ್ನೆರಡೂ ಎಂಬ ಮಾತು ಆಗ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅದು ನನ್ನ ತಪ್ಪು. ಮಾರ್ಚಿನಲ್ಲಿ ನಮೂನೆಯ ಜೊತೆ ನೀವು ಪರೀಕ್ಷಾ ವರದಿ ಕಳುಹಿಸಿದಿರಿ, ಈ ಸಲ ಕನ್ನಡದಲ್ಲಿ. ಅದರಲ್ಲಿ ಒಂದೊಂದು ರೀಲಿಗೂ ಒಂದೊಂದು ಷರಾ. ಏಳನೆಯದರ ಎದುರು ‘ತೀವ್ರವಾಗಿ ಕುಗ್ಗಿದೆ, ಅಂಚು ಸುರುಟಿದೆ’ ಎಂದು ಬರೆದು ಸಹಿ ಹಾಕಿದ್ದೀರಿ. ಮಾನ್ಯರೇ, ಏಳನೆಯ ರೀಲು ನನ್ನ ಅಡುಗೆಮನೆಯ ಶೆಲ್ಫಿನಲ್ಲಿತ್ತು! ಇಷ್ಟು ದೂರದಿಂದ ಅದರ ಅಂಚು ಸುರುಟಿದ್ದು ನಿಮಗೆ ಯಾವ ಯಂತ್ರದಲ್ಲಿ ಕಂಡಿತು? ಅಂಥ ಯಂತ್ರ ಇದ್ದರೆ ನಾವು ಜೀಪು ಹಿಡಿದು ಬರುವ ಅಗತ್ಯವೇನಿತ್ತು?

ಮರುವಾರ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಹನ್ನೊಂದು ಡಬ್ಬಿಗಳು ಶೀಟಿನ ಮಾಡಿನ ಕೆಳಗೆ, ಅಟ್ಟದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇದ್ದವು. ಚೀಲದ ಬಾಯಿಗೆ ಸುತ್ತಿದ ಟೇಪಿನ ಮೇಲೆ ನಾವು ತಂದುಕೊಟ್ಟ ದಿನದ ತಾರೀಖು, ಅದೇ ದಿನದ ಸಹಿ. ಟೇಪನ್ನು ಯಾರೂ ಬಿಚ್ಚಿಲ್ಲ. ನನ್ನ ಅರ್ಜಿಯ ಒಂದು ಸಾಲನ್ನು ಓದಿದ್ದೀರಿ, ಹನ್ನೆರಡು ರೀಲಿನ ವರದಿ ಬರೆದಿದ್ದೀರಿ. ತಾರಸಿಯಲ್ಲಿ ಕೋಲು ಹಿಡಿದು ಕೂತವಳದ್ದು ಅಜಾಗ್ರತೆಯಾದರೆ, ಎರಡು ವರ್ಷ ಮುಚ್ಚಳವನ್ನೇ ತೆಗೆಯದೆ ಇದ್ದುದಕ್ಕೆ ಸರಕಾರಿ ಕಡತದಲ್ಲಿ ಯಾವ ಶಬ್ದ ಉಂಟು?

ಮನೆಯಲ್ಲಿ ಉಳಿದ ಏಳನೆಯ ರೀಲನ್ನು ಮಂಗಳೂರಿನಲ್ಲಿ ಹಳೆಯ ಫಿಲ್ಮುಗಳ ಸ್ಕ್ಯಾನಿಂಗ್ ಮಾಡುವ ತುಂಗಾ ಎಂಬವರಿಗೆ ತೋರಿಸಿದೆ. ಅವರು ಬೆರಳಿನಲ್ಲಿ ಹಿಡಿದು ಉದ್ದಕ್ಕೂ ನೋಡಿದರು. “ಬಿಸಿಲಿಗೆ ಇಡಬಾರದಿತ್ತು ಅಂಕಲ್, ಸ್ವಲ್ಪ ಕುಗ್ಗಿದೆ. ಆದರೆ ಗಾಳಿ ಆಡಿದ್ದರಿಂದ ಹುಳಿ ಒಳಗೆ ಕಟ್ಟಿಕೊಂಡಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದರೆ ಅದರ ಹುಳಿಯೇ ಅದನ್ನು ತಿನ್ನುತ್ತಿತ್ತು” ಎಂದರು. ನಿಧಾನವಾಗಿ ಓಡಿಸಿ ಪೂರ್ತಿ ಸ್ಕ್ಯಾನ್ ಮಾಡಿಕೊಟ್ಟರು. ಕಂಪ್ಯೂಟರಿನ ಪರದೆಯಲ್ಲಿ ಕಡವು ಕಂಡಿತು, ದೋಣಿಗೆ ಕಾಯುವ ಜನ ಕಂಡರು, ಎಪ್ಪತ್ತಮೂರರಲ್ಲಿ ಫಿಲ್ಮು ತುಂಡಾದಲ್ಲಿ ನಾನು ಹಾಕಿದ ಒಂದು ಅಂಟೂ ಕಂಡಿತು. ಉಳಿದ ಹನ್ನೊಂದನ್ನು ಮಳೆಗಾಲಕ್ಕೆ ಮೊದಲು ತಂದರೆ ಪ್ರಯತ್ನಿಸುವುದಾಗಿ ಹೇಳಿದ್ದಾರೆ. ಚೀಲದೊಳಗೆ ಅವು ಏನಾಗಿವೆಯೋ ನನಗೆ ಗೊತ್ತಿಲ್ಲ. ನಿಮಗಂತೂ ಗೊತ್ತಿಲ್ಲ.

ಬಿಸಿಲಿಗೆ ಇಟ್ಟದ್ದು ಸರಿಯೆಂದು ನಾನು ವಾದಿಸುವುದಿಲ್ಲ. ನಾವು ಮಾಡಿದ್ದಕ್ಕೆ ಉತ್ತರ ಹೇಳಲು ನಾವು ಇದ್ದೇವೆ, ಈಗ ನಾನು ಇದ್ದೇನೆ. ಆದರೆ ನೋಡದೆ ಬರೆದ ತೀರ್ಪನ್ನು ಹೊತ್ತು ಒಬ್ಬಳು ಸತ್ತಳು. ಅದಕ್ಕೆ ಈಗ ಗಂಡನ ಸಹಿಯನ್ನೂ ಕೇಳುತ್ತಿದ್ದೀರಿ.

ಆದ್ದರಿಂದ ನಮೂನೆಯ ಮೂರನೆಯ ಸಾಲನ್ನು ಹೊಡೆದುಹಾಕಿ. ‘ರೀಲುಗಳನ್ನು ತೆರೆದು ನೋಡಿಲ್ಲ’ ಎಂದು ಅದರ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ನಿಮ್ಮ ಸಹಿ ಹಾಕಿ. ಹನ್ನೊಂದು ಡಬ್ಬಿಗಳನ್ನು ಕೊಡಿ. ಆಮೇಲೆ ನನ್ನ ಸಹಿ ಎಲ್ಲಿ ಬೇಕೆಂದು ತೋರಿಸಿದರೆ ಅಲ್ಲಿ ಹಾಕುತ್ತೇನೆ.

ನೀವು ಕೊಟ್ಟ ಹದಿನೈದು ದಿನ ನಾಳೆ ಸೋಮವಾರಕ್ಕೆ ಮುಗಿಯುತ್ತದೆ. ಈ ಪತ್ರವನ್ನು ನಾನೇ ಕೈಯಲ್ಲಿ ತರುತ್ತೇನೆ. ನೌಷಾದ್ ಬೆಳಿಗ್ಗೆ ಐದಕ್ಕೆ ಜೀಪು ತರುತ್ತಾನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಅಜಾಗ್ರತೆಯ ಮನೆಯಲ್ಲಿ ಉಳಿದಿರುವ ಒಬ್ಬನೇ ಒಬ್ಬ,
ಆಗಸ್ಟಿನ್
ಹಿಂದೆ ಟಾಕೀಸಿನ ಆಪರೇಟರ್