ಬೆಳಗ್ಗೆ ಏಳರ ಫೈನಲ್

ತಬೂಕ್
12-1-2026, ಸೋಮವಾರ

ಪ್ರೀತಿಯ ಫಸೀಲಾ,

ಸಲಾಂ ಮಾರಾಯ್ತಿ. ಮೊನ್ನೆ ಫೋನಿನಲ್ಲಿ ನೀನು, ತಬೂಕ್‌ನಲ್ಲಿ ಚಳಿ ಹೇಗಿದೆ, ಫೈನಲಿಗೆ ಬರುವ ನಿನ್ನ ಗಂಡ ಮುಝಫ್ಫರಾಕನಿಗೆ ಒಂದು ಸ್ವೆಟರ್ ಸಾಕೋ ಎರಡು ಬೇಕೋ ಎಂದು ಕೇಳಿದೆ. ನಾನು, ಒಂದು ಸಾಕು, ಹವೆ ಚೆನ್ನಾಗಿದೆ ಎಂದೆ. ಅದು ಸುಳ್ಳು. ನಮ್ಮವರು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ನಿನಗೆ ವಾಯ್ಸ್ ಕಳಿಸುವ ಹಾಗೂ ಇಲ್ಲ. ನಿನ್ನ ಗಂಡ ಅದನ್ನು ಕಾರಿನ ಸ್ಪೀಕರಿಗೆ ಹಾಕಿ ನಿಮ್ಮ ಅಜೀಜಿಯಾ ಬಡಾವಣೆ ಪೂರ್ತಿಗೆ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ. ಕುಂಬ್ರದ ಶಾಲೆಯಲ್ಲಿ ನಾವಿಬ್ಬರೂ ಕಲಿತ ಕನ್ನಡ ಇಷ್ಟು ವರ್ಷದ ಮೇಲೆ ಉಪಕಾರಕ್ಕೆ ಬಂತು. ಮುಂಬಯಿಯಲ್ಲಿ ಬೆಳೆದ ನಿನ್ನ ಗಂಡನಿಗೆ ನಮ್ಮ ಅಕ್ಷರವೆಂದರೆ ಇರುವೆ ಸಾಲು. ನನ್ನ ಗಂಡನಿಗೆ ಓದಲು ಬರುತ್ತದೆ, ತಾಳ್ಮೆ ಇಲ್ಲ. ನಾಳೆ ನಮ್ಮ ಪಕ್ಕದ ಮನೆಯ ಶಾಹೀದಾ ಮಕ್ಕಾದ ಉಮ್ರಾ ಯಾತ್ರೆಗೆಂದು ಜಿದ್ದಾಕ್ಕೆ ಬರುತ್ತಾಳೆ. ನೀನು ಹೊಲಿಯಲು ಹೇಳಿದ್ದ ಅಬಾಯದ ಮಡಿಕೆಯೊಳಗೆ ಇದನ್ನಿಟ್ಟು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ವಿಷಯ ಇಷ್ಟೇ. ನಮ್ಮ ತಬೂಕಿಗೂ ನಿಮ್ಮ ಜಿದ್ದಾಕ್ಕೂ ಈ ಶುಕ್ರವಾರ ಇರುವ ಫುಟ್ಬಾಲ್ ಫೈನಲ್ ಬೆಳಗ್ಗೆ ಏಳಕ್ಕೆ ನಡೆಯಬಾರದು. ಟೂರ್ನಮೆಂಟ್ ಕಮಿಟಿಯ ಅಧ್ಯಕ್ಷರು ನಿನ್ನ ಗಂಡ. ಹೊತ್ತು ಬದಲಿಸಲು ಅವರೊಬ್ಬರಿಂದಲೇ ಸಾಧ್ಯ. ಅವರನ್ನು ಬದಲಿಸಲು ನಿನ್ನೊಬ್ಬಳಿಂದ.

ಜನವರಿಯ ಏಳು ಗಂಟೆಯೆಂದರೆ ಇಲ್ಲಿ ಸೂರ್ಯನೂ ಎದ್ದಿರುವುದಿಲ್ಲ. ಕಳೆದ ಶುಕ್ರವಾರ ಸೆಮಿಫೈನಲ್ ದಿನ ನನ್ನ ಕಾರಿನ ಗಾಜಿನ ಮೇಲಿನ ಮಂಜನ್ನು ಅನ್ನದ ಸೌಟಿನಿಂದ ಕೆರೆದೆ. ಮೈನಸ್ ಎರಡು. ಮೈದಾನ ಆ ಹೊತ್ತಿಗೆ ಯಾಕೆ ಖಾಲಿ ಸಿಕ್ಕಿತು ಎಂದು ಕಮಿಟಿಯಲ್ಲಿ ಒಬ್ಬರೂ ಕೇಳಲಿಲ್ಲ. ತಲೆ ಇರುವವರು ಯಾರೂ ಅದನ್ನು ಕೇಳಿಕೊಂಡು ಬಂದಿರಲಿಲ್ಲ, ಅದಕ್ಕೆ ಸಿಕ್ಕಿತು. ಇವರು ಮಾತ್ರ ಕೋಟೆ ಗೆದ್ದವರಂತೆ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಮುಬಾರಕ್ ಹೇಳಿಕೊಂಡರು. ಜುಮಾ ನಮಾಜು ಆದ ಮೇಲೆ ಸಂಜೆಯವರೆಗೆ ಮೈದಾನ ಖಾಲಿಯಿರುತ್ತದೆ, ಹಿತವಾದ ಬಿಸಿಲೂ ಇರುತ್ತದೆ. ಆಗ ಯಾಕೆ ಆಡಬಾರದು ಎಂದು ಕೇಳಿದೆ. ಬಿರಿಯಾನಿ ತಿಂದ ಮೇಲೆ ಓಡಲಾಗುವುದಿಲ್ಲವಂತೆ. ಬಿರಿಯಾನಿಯನ್ನು ಆಟದ ಆಮೇಲೆ ತಿನ್ನಬಹುದೆಂಬುದು ಇಪ್ಪತ್ತೆರಡು ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರದ ಕಾನೂನಿದೆ. ಆಗ ಇದೇ ಗಂಡಸರು ಲಿಂಬೆ ಶರಬತ್ತು ಹಿಡಿದುಕೊಂಡು, ಸೆಕೆಯಿಂದ ರಕ್ತ ಹೇಗೆ ದಪ್ಪವಾಗುತ್ತದೆ ಎಂದು ಒಬ್ಬರಿಗೊಬ್ಬರು ಪಾಠ ಮಾಡುತ್ತಾರೆ. ಚಳಿಗೆ ಕಾನೂನಿಲ್ಲ, ಆದ್ದರಿಂದ ಅವರ ಮಟ್ಟಿಗೆ ಚಳಿಯೇ ಇಲ್ಲ. ಮಾತು ತೆಗೆದರೆ, ಯುರೋಪಿನಲ್ಲಿ ಹಿಮದ ಮೇಲೂ ಆಡುತ್ತಾರೆ ಹಲೀಮಾ, ನೀನು ಟಿವಿ ನೋಡುವುದಿಲ್ಲವಾ ಎನ್ನುತ್ತಾರೆ. ನೋಡುತ್ತೇನೆ. ಅಲ್ಲಿ ಆಡುವವರಿಗೆ ಇಪ್ಪತ್ತೆರಡು ವರ್ಷ. ಗೆರೆಯ ಪಕ್ಕದಲ್ಲಿ ಡಾಕ್ಟರು ಬ್ಯಾಗ್ ಹಿಡಿದು ನಿಂತಿರುತ್ತಾರೆ. ನಮ್ಮ ಗೆರೆಯ ಪಕ್ಕದಲ್ಲಿ ನಿಂತಿರುವುದು ಒಂದು ಫ್ಲಾಸ್ಕ್ ಸುಲೈಮಾನಿ ಚಹಾ.

ನಮ್ಮ ತಂಡ ಎಂತದ್ದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಜರ್ಸಿ ಹೊಲಿದದ್ದು ನನ್ನ ಅಂಗಡಿಯಲ್ಲೇ. ಮಲಗುವ ಕೋಣೆಯಲ್ಲಿ ಒಂದು ಹಳೆಯ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಯೂನಿಫಾರ್ಮಿಗೆ ಗುಂಡಿ ಹಾಕುತ್ತಿದ್ದವಳು ಆರು ಮಿಷನ್ನಿನ ಅಂಗಡಿ ಮಾಡಿದ್ದು ಕಣ್ಣಳತೆಯಿಂದ. ಜರ್ಸಿಗೆ ಟೇಪು ಹಿಡಿದದ್ದು ನಮ್ಮವರು, ಬರೆದುಕೊಂಡದ್ದು ನಾನು. ಸೊಂಟದ ಅಳತೆಗೆ ಬಂದಾಗ ಎಲ್ಲರೂ ಉಸಿರು ಒಳಗೆ ಎಳೆದುಕೊಂಡು ನಿಂತರು. ನಾನು, ಮನೆಯಲ್ಲಿ ಎಲ್ಲ ಸೌಖ್ಯವಾ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಉತ್ತರ ಕೊಡಲು ಉಸಿರು ಬಿಡಲೇಬೇಕಲ್ಲ, ಆಗ ಬರೆದುಕೊಂಡೆ. ನಲವತ್ತು ದಾಟಿದವರ ಟೂರ್ನಮೆಂಟ್ ಇದು. ಸೊಂಟವೂ ಹೆಚ್ಚಿನವರದ್ದು ನಲವತ್ತು ದಾಟಿದೆ. ನಾಲ್ವರಿಗೆ ಶುಗರ್, ಮೂವರಿಗೆ ಬಿಪಿ, ಇಬ್ಬರ ಮೊಣಕಾಲಿಗೆ ಪಟ್ಟಿ. ಚನಿಯ ಒಬ್ಬನೇ ಗಟ್ಟಿ. ಇಲ್ಲಿಗೆ ಹತ್ತು ಜನ ಆದರು. ಹನ್ನೊಂದನೆಯವರ ಮಾತಿಗಾಗಿಯೇ ಈ ಕಾಗದ, ಅದಕ್ಕೆ ಬರುತ್ತೇನೆ.

ಚನಿಯ ಯಾರೆಂದರೆ, ನಮ್ಮ ಕಟ್ಟಡದ ಏಸಿಗಳನ್ನೆಲ್ಲ ನೋಡಿಕೊಳ್ಳುವ ಬಂಟ್ವಾಳದವನು. ಸೆಮಿಫೈನಲ್ ಹಿಂದಿನ ದಿನ ಸಂಜೆ ನಿನ್ನ ಗಂಡ ಜಿದ್ದಾದಿಂದ ಫೋನು ಮಾಡಿ, ಮೈದಾನದಲ್ಲಿ ಧೂಳು ಏಳದ ಹಾಗೆ ಟ್ಯಾಂಕರ್ ತರಿಸಿ ನೀರು ಹೊಡೆಸಿ ಎಂದರು. ಜಿದ್ದಾದಲ್ಲಿ ಹಾಗೆ ಮಾಡುತ್ತಾರೆ, ಊರಲ್ಲೂ ಮಾಡುತ್ತಾರೆ. ನಮ್ಮ ಮನೆಯಲ್ಲೇ ಫೋನು ಸ್ಪೀಕರಿನಲ್ಲಿತ್ತು. ಚನಿಯ, ನೀರು ಬೇಡ ಅಧ್ಯಕ್ಷರೇ, ಬೆಳಗಾಗುವಾಗ ಗಾಜಾಗ್ತದೆ ಎಂದ. ನಿನ್ನ ಗಂಡ, ನೀನು ನಿನ್ನ ಏಸಿ ನೋಡ್ಕೊ ಮಾರಾಯ ಎಂದರು. ನಾನು ನೋಡುವುದೇ ಅದನ್ನು, ನೀರು ಯಾವಾಗ ಐಸಾಗ್ತದೆ ಅಂತ, ಎಂದ ಅವನು. ಎಲ್ಲರೂ ನಕ್ಕರು. ನಮ್ಮವರು ಎಲ್ಲರಿಗಿಂತ ಜೋರಾಗಿ ನಕ್ಕು ಟ್ಯಾಂಕರಿಗೆ ಫೋನು ಮಾಡಿದರು.

ಬೆಳಗ್ಗೆ ನೋಡಿದರೆ ಮೈದಾನದ ತಗ್ಗುಗಳೆಲ್ಲ ಕನ್ನಡಿ. ಹಫ್ರ್ ಅಲ್ ಬಾತಿನ್‌ನಿಂದ ಬಂದ ತಂಡ ಅದನ್ನು ನೋಡಿ, ಆಡುವುದಾ ಬೇಡವಾ ಎಂದು ಗುಸುಗುಸು ಮಾಡಿತು. ನಮ್ಮ ತಂಡವೂ ಗುಸುಗುಸು ಮಾಡಿತು. ಬೇಡ ಎಂಬ ಮಾತು ಮೊದಲು ಯಾರ ಬಾಯಿಂದ ಬರುತ್ತದೆ ಎಂದು ಎರಡು ಕಡೆಯವರೂ ಕಾದರು. ಯಾರ ಬಾಯಿಂದಲೂ ಬರಲಿಲ್ಲ, ಆಟ ಶುರುವಾಯಿತು. ನಾವು ಹೆಂಗಸರು ಕಾರಿನೊಳಗೆ ಹೀಟರ್ ಹಾಕಿಕೊಂಡು ನೋಡಿದೆವು. ಮೊದಲ ಕಾಲು ಗಂಟೆಯಲ್ಲಿ ಹದಿನಾಲ್ಕು ಸಲ ಯಾರಾದರೊಬ್ಬರು ನೆಲಕ್ಕೆ ಬಿದ್ದರು, ಲೆಕ್ಕ ಹಾಕಿದ್ದೇನೆ. ಚೆಂಡು ಪುಟಿಯಲೇ ಇಲ್ಲ, ಕಲ್ಲಿನ ಹಾಗೆ ಉರುಳಿತು. ನಾವು ಗೆದ್ದ ಒಂದೇ ಗೋಲನ್ನು ಹೊಡೆದದ್ದು ಯಾರೆಂದು ಈವರೆಗೆ ತೀರ್ಮಾನವಾಗಿಲ್ಲ; ಚೆಂಡು ತಾನಾಗಿ ಜಾರಿಕೊಂಡು ಒಳಗೆ ಹೋಯಿತು. ನೀರು ಬೇಡ ಎಂದ ಚನಿಯನೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಗ್ರೂಪಿನಲ್ಲಿ ನಿನ್ನ ಗಂಡ, ಸಣ್ಣ ಗಾಯ, ದೊಡ್ಡ ಗೆಲುವು ಎಂದು ಹಾಕಿದರು. ಗಾಯ ಯಾರದ್ದೆಂದು ಹಾಕಲಿಲ್ಲ.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಎಲ್ಲರೂ ಚನಿಯನ ಸುತ್ತ ಸೇರಿದ್ದಾಗ ನಮ್ಮವರು ಮೈದಾನದ ನಡುಗೆರೆಯಲ್ಲಿ ಒಬ್ಬರೇ ನಿಂತಿದ್ದರು. ಎಡ ಎದೆಯ ಮೇಲೆ ಅಂಗೈ. ಬಗ್ಗಲಿಲ್ಲ, ಕೂರಲಿಲ್ಲ, ಸುಮ್ಮನೆ ನಿಂತೇ ಇದ್ದರು. ನಾನು ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. ಅಷ್ಟರಲ್ಲಿ ಯಾರೋ ಕರೆದರು. ಅವರು ಕೈ ತೆಗೆದು ನಕ್ಕು, ಓಡಿದರು. ಮನೆಗೆ ಬಂದ ಮೇಲೆ ಕೇಳಿದರೆ ಮಸಲ್ ಕ್ಯಾಚ್ ಎಂದರು. ಕಾಲಿನಲ್ಲಿ ಓಡುವವರಿಗೆ ಮಸಲ್ ಎದೆಯಲ್ಲಿ ಯಾಕೆ ಹಿಡಿಯಿತು ಎಂದೆ. ಅವರು ಬೂಟಿನ ಕೆಸರು ಕೆರೆಯಲು ಕೂತರು.

ಫಸೀಲಾ, ಹೋದ ವರ್ಷದ ಹಿಂದಿನ ವರ್ಷದ ರಜೆಯಲ್ಲಿ ನಾವು ಊರಿನಲ್ಲಿ ಇಪ್ಪತ್ತು ದಿನ ಹೆಚ್ಚು ನಿಂತದ್ದು ಜಾಗದ ಸರ್ವೆಗೆಂದು ನಿನಗೆ ಹೇಳಿದ್ದೆ. ಸರ್ವೆಯೂ ಇಲ್ಲ, ಜಾಗವೂ ಇಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಡಾಕ್ಟರು ನನ್ನೆದುರೇ, ದಿನಾ ನಡೆಯಿರಿ, ಚಳಿಗಾಳಿಯಲ್ಲಿ ಮಾತ್ರ ಓಡಬೇಡಿ, ಚಳಿಗೆ ನಾಳ ಬಿಗಿಯುತ್ತದೆ ಎಂದರು. ನಮ್ಮವರಿಗೆ ಕೇಳಿಸಿದ್ದು ಮೊದಲರ್ಧ. ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ತೋಳಿನ ಕ್ಯಾಪ್ಟನ್ ಪಟ್ಟಿ ಹೋಗುತ್ತದಂತೆ, ಎಲ್ಲರೂ ಅಯ್ಯೋ ಪಾಪ ಎಂದು ನೋಡುತ್ತಾರಂತೆ. ಯಾವ ಗಂಡಸಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನೀನು ಗಂಡಸಲ್ಲ, ಆದ್ದರಿಂದ ಆಣೆ ಇನ್ನೂ ಗಟ್ಟಿಯಾಗಿದೆ.

ಇದರಲ್ಲಿ ನನ್ನ ಪಾಲೂ ಇದೆ, ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಮೂರು ತಿಂಗಳು ಅವರು ಸೋಫಾ ಬಿಟ್ಟು ಏಳಲಿಲ್ಲ. ಗೋಣಿಚೀಲವನ್ನಾದರೆ ಎತ್ತಿ ಬಿಸಿಲಿಗೆ ಹಾಕಬಹುದು, ನಿಮ್ಮನ್ನು ಎಂತ ಮಾಡುವುದು ಎಂದೆ ಒಂದು ದಿನ. ಆ ವಾರವೇ ಬೂಟು ತಂದರು. ಮೊದಲ ಪಂದ್ಯ ಗೆದ್ದಾಗ ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಂತ ಅವರ ಫೋಟೋವನ್ನು ಸ್ಟೇಟಸಿಗೆ ಹಾಕಿದವಳು ನಾನೇ. ಒಂದು ದಿನಕ್ಕೆ ಮಾಯವಾಗುವುದನ್ನು ಮೂರು ದಿನ ಮತ್ತೆ ಮತ್ತೆ ಹಾಕಿದೆ. ಐವತ್ತಮೂರನೆಯ ವಯಸ್ಸಿನಲ್ಲಿ ಅವರು ಚೆಂದ ಕಾಣುತ್ತಿದ್ದರು, ಎಂತ ಮಾಡುವುದು.

ಈಗ ನೀನು ಮಾಡಬೇಕಾದದ್ದು. ಮುಝಫ್ಫರಾಕ ಗುರುವಾರ ವಿಮಾನ ಹತ್ತುವ ಮೊದಲು ಹೊತ್ತು ಬದಲಾಯಿಸಬೇಕು, ಮಧ್ಯಾಹ್ನ ಮೂರಕ್ಕೆ. ಸ್ಟೆಂಟಿನ ಮಾತು ಎತ್ತಬೇಡ. ಯಾರ ಜೀವಕ್ಕೋ ಅಪಾಯ ಎಂದು ಹೇಳಿದರೂ ಪ್ರಯೋಜನವಿಲ್ಲ; ಆಟವೆಂದರೆ ಅಷ್ಟಿಷ್ಟು ಇರ್ತದೆ ಎಂದು ಫೋನು ನೋಡುತ್ತಾರೆ. ತಬೂಕಿನವರು ಚಳಿಗೆ ಒಗ್ಗಿದ್ದಾರೆ, ಜಿದ್ದಾದವರು ಬಾಯಿಂದ ಹೊಗೆ ಬರುವುದನ್ನೇ ನೋಡಿದವರಲ್ಲ, ಬೆಳಗ್ಗೆ ಆಡಿದರೆ ನಿಮ್ಮ ತಂಡ ಮೂರು ಗೋಲಿಗೆ ಸೋಲ್ತದೆ, ಹೊತ್ತು ಬದಲಿಸಿದರೆ ಕಪ್ ನಿಮಗೇ, ಹಾಗೆ ಹೇಳು. ಸೋಲ್ತದೆ ಎಂಬ ಶಬ್ದ ಅವರ ಕಿವಿಗೆ ಹೋಗುತ್ತದೆ. ಕಪ್ ಜಿದ್ದಾಕ್ಕೇ ಹೋಗಲಿ. ನನ್ನ ಶೋಕೇಸಿನಲ್ಲಿ ಜಾಗವೂ ಇಲ್ಲ.

ಅದೂ ಆಗದಿದ್ದರೆ ಶುಕ್ರವಾರ ನಾನು ಕಾರಿನಿಂದ ಇಳಿದು ಮೈದಾನದ ನಡುವಿಗೇ ಹೋಗುತ್ತೇನೆ. ನಲವತ್ತು ಜನರೆದುರು, ಈ ಮನುಷ್ಯನ ಎದೆಯೊಳಗೆ ಸ್ಟೆಂಟ್ ಉಂಟು ಎಂದು ಹೇಳುತ್ತೇನೆ. ಆಣೆ ಮುರಿದ ಪಾಪ ನನಗಿರಲಿ. ಅವರು ಮಾತು ಬಿಡುತ್ತಾರೆ, ಒಂದು ತಿಂಗಳೋ ಆರು ತಿಂಗಳೋ. ಬಿಡಲಿ. ಇಪ್ಪತ್ತೇಳು ವರ್ಷದಿಂದ ಕೇಳುತ್ತಿದ್ದೇನೆ, ಕಿವಿಗೂ ಸ್ವಲ್ಪ ರಜೆ ಸಿಗಲಿ. ಆದರೆ ಮಾತು ಬಿಟ್ಟು ಕೂರಲಿಕ್ಕಾದರೂ ಅವರು ಮನೆಯಲ್ಲಿ ಇರಬೇಕಲ್ಲ.

ಸ್ವೆಟರ್ ಎರಡು ಕಳಿಸು. ಕಿವಿ ಮುಚ್ಚುವ ಟೋಪಿಯನ್ನೂ ಕಳಿಸು. ಬೇಡ ಅನ್ನುತ್ತಾರೆ, ಆದರೂ ಬ್ಯಾಗಿನ ತಳದಲ್ಲಿಡು. ಅಬಾಯದ ತೋಳು ಅರ್ಧ ಇಂಚು ಉದ್ದ ಬಿಟ್ಟಿದ್ದೇನೆ.

ಗುರುವಾರದವರೆಗೆ ನಿನ್ನ ಫೋನಿಗೆ ಕಾಯುವ,
ಹಲೀಮಾ

ತಾ.ಕ.: ಕಾಗದ ಮಡಚುತ್ತಿದ್ದಾಗ ನಮ್ಮವರು ಊಟಕ್ಕೆ ಬಂದರು. ಯಾರಿಗೆ ಎಂದು ಕೇಳಿದರು. ಫಸೀಲಾಗೆ, ಅಬಾಯದ ಅಳತೆ ಬರೆದಿದ್ದೇನೆ ಎಂದೆ. ಅವರು ಫ್ರಿಜ್ ತೆರೆದು ಒಳಗೆ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗದೆಯೇ, ಹಾಗೇ ಅದರಲ್ಲಿ ಒಂದು ಮಾತು ಬರಿ ಎಂದರು. ಆಟವನ್ನು ಜುಮಾ ಆದ ಮೇಲೆ ಇಡ್ಲಿಕ್ಕೆ ಆಗ್ತದಾ ಅಂತ ಅವಳು ಮುಝಫ್ಫರನ ಹತ್ತಿರ ಕೇಳಲಿ, ಎರಡೂವರೆಗಾದರೆ ಮೈದಾನದ ತುಂಬ ಬಿಸಿಲಿರ್ತದೆ. ನಾನು ಹೇಳಿದ್ದು ಅಂತ ಬೇಡ, ಹೆಂಗಸರು ಕೇಳಿದ್ದು ಅಂತ ಇರಲಿ ಎಂದರು. ಫ್ರಿಜ್‌ನಿಂದ ಏನನ್ನೂ ತೆಗೆಯದೆ ಬಾಗಿಲು ಹಾಕಿ ಕೈ ತೊಳೆಯಲು ಹೋದರು. ಆದ್ದರಿಂದ ಮೇಲೆ ಮೂರು ಎಂದು ಬರೆದಿರುವಲ್ಲಿ ಎರಡೂವರೆ ಎಂದು ಓದಿಕೋ. ಕೇಳಿದ್ದು ಹೆಂಗಸರು.