ಬಲಗಡೆ ಮಾತ್ರ ಹಸಿರು

ಲೊರೆಟ್ಟಾ,

ಹನ್ನೊಂದು ವರ್ಷ ನಿನ್ನ ಹೆಸರು ಎತ್ತಿದರೆ ಮುಖ ತಿರುಗಿಸುತ್ತಿದ್ದವಳು ಇಂದು ಬೆಳಗಿನ ಆರು ಗಂಟೆಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ನಿನಗೇ ಕಾಗದ ಬರೆಯುತ್ತಿದ್ದೇನೆ. ಏಳಕ್ಕೆ ನಿನ್ನ ಗಂಡ ವೆಂಡಲ್ ಬರುತ್ತಾನೆ. ಅಷ್ಟರೊಳಗೆ ಹೇಳಬೇಕಾದದ್ದನ್ನು ಹೇಳಿಬಿಡಬೇಕು.

ಮೊದಲು ನನ್ನ ತಪ್ಪು. ನೀನು ಹೋದೆ ಎಂದು ವೆಂಡಲ್ ಹೇಳಿದಾಗ ನಾನು ನಂಬಿಬಿಟ್ಟೆ. "ತುಲ್ಸಾ ಬಸ್ ಹತ್ತಿ ಹೋದ್ಲು ಕಣೇ ಬರ್ನಿ, ಒಂದು ಚೀಟಿನೂ ಇಟ್ಟಿಲ್ಲ," ಎಂದು ಇದೇ ಮೇಜಿನ ಮುಂದೆ ಕೂತು ಮೂಗು ಒರೆಸಿಕೊಂಡ. ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಬೆವರಿದವರು ನಾವು. ನನಗೂ ಹೇಳದೆ ಹೋದಳಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಟಮಾರಿ ಹೆಂಗಸು ನಾನು, ನಿನಗೆ ಗೊತ್ತೇ ಇದೆ.

ಆ ಉಂಗುರ ನೆನಪಿದೆಯಾ? ವಿಟ್ಲಾಕ್ ಪಾರ್ಕಿನಲ್ಲಿ, ನೆಲದೊಳಗಿನ ಲೋಹ ಹುಡುಕುವ ನನ್ನ ಯಂತ್ರ ಕೂಗಿ ತೋರಿಸಿದ ಮೊದಲ ಬೆಳ್ಳಿ, 1946ರ ಅರ್ಧ ಡಾಲರ್. ನೀನು ಹುಟ್ಟಿದ ವರ್ಷದ್ದು ಎಂದು ಚಳಿಗಾಲವಿಡೀ ಟಿ.ವಿ. ಮುಂದೆ ಕೂತು ಅದರ ಅಂಚನ್ನು ಚಮಚದಿಂದ ಬಡಿದು ಬಡಿದು ಉಂಗುರ ಮಾಡಿದೆ. ಇಸವಿ ಒಳಮಗ್ಗುಲಲ್ಲಿ ಉಳಿಯಿತು. "ಕೋಳಿ ಕೆದಕಿದ ಹಾಗೆ ಊರೆಲ್ಲಾ ಕೆದಕ್ತೀಯಲ್ಲೇ, ಒಂದಿನ ಯಾರದಾದ್ರೂ ಹಲ್ಲಿನ ಸೆಟ್ ಸಿಗುತ್ತೆ ನೋಡು," ಎಂದು ಹಂಗಿಸುತ್ತಲೇ ನೀನು ಅದನ್ನು ಬೆರಳಿಗೆ ಹಾಕಿಕೊಂಡೆ. ಆಮೇಲೆ ನಿನ್ನ ಬೆರಳಿನ ಗೆಣ್ಣು ಊದಿ, ಬೆಣ್ಣೆ ಹಚ್ಚಿ ಎಳೆದರೂ ಅದು ಬರಲಿಲ್ಲ.

ನೀನು ಹೋದ ಮರುವರ್ಷ ವೆಂಡಲ್ ಬಂದು, "ನನಗೂ ನಾಣ್ಯ ಹುಡುಕೋದು ಕಲಿಸಿಕೊಡೇ," ಅಂದ. ಒಂಟಿ ಗಂಡಸು, ಪಾಪ ಎಂದು ಕಲಿಸಿದೆ. ಯಾವ ಸದ್ದು ತಾಮ್ರದ್ದು, ಯಾವುದು ಬೆಳ್ಳಿಯದು ಎಂದು ಹೇಳಿಕೊಟ್ಟೆ. ಮೊಳೆ ತುಂಬಿದ ನೆಲದಲ್ಲಿ ಕಬ್ಬಿಣದ ಗಲಾಟೆಗೆ ಬೆಳ್ಳಿಯ ಸದ್ದು ಕೇಳಿಸುವುದಿಲ್ಲ ಎಂದೂ ನಾನೇ ಹೇಳಿಕೊಟ್ಟೆ. ಅವನು ಅದನ್ನು ಎರಡು ಸಲ ಕೇಳಿ ತಿಳಿದುಕೊಂಡ. ಬುದ್ಧಿವಂತ ಶಿಷ್ಯ ಎಂದು ನಾನು ಹಿಗ್ಗಿದೆ.

ಪಾರ್ಕಿನ ಹಳೆಯ ಬ್ಯಾಂಡ್ ಮಂಟಪವನ್ನು ಕೆಡವಿದ್ದು ನೀನು ಹೋದ ವಾರವೇ. ಆಗ ಅವನು ಪಾರ್ಕಿನ ಕೆಲಸದಲ್ಲಿದ್ದ, ಮಣ್ಣು ತುಂಬಿ ನೆಲ ಸಮ ಮಾಡಿದವನೂ ಅವನೇ. ಪ್ರತಿ ಶನಿವಾರ ಇಬ್ಬರೂ ಯಂತ್ರ ಹೊತ್ತು ಹೋಗುತ್ತಿದ್ದೆವು, ಆ ಜಾಗಕ್ಕೆ ಮಾತ್ರ ಅವನು ನನ್ನನ್ನು ಕಾಲಿಡಲು ಬಿಡುತ್ತಿರಲಿಲ್ಲ. "ಅದು ಬಿಡು ಕಣೇ, ಮಂಟಪದ ಮೊಳೆ ಬಿಟ್ರೆ ಏನೂ ಇಲ್ಲ. ಕಿವಿ ಹಾಳಾಗುತ್ತೆ."

ಗುರುವಾರ ಅವನು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋಗಿದ್ದ. ನನ್ನ ಯಂತ್ರದ ತುದಿಯಲ್ಲಿ ನೆಲ ಸವರುವ ತಟ್ಟೆಯಿರುತ್ತದಲ್ಲ, ಅಂಥ ಚಿಕ್ಕದೊಂದನ್ನು ಹೊಸದಾಗಿ ಕೊಂಡಿದ್ದೆ. ಮೊಳೆಗಳ ನಡುವೆಯೂ ಅದಕ್ಕೆ ಬೆಳ್ಳಿ ಕೇಳಿಸುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಪರೀಕ್ಷಿಸೋಣ ಎಂದು ಆ ಜಾಗಕ್ಕೇ ಹೋದೆ. ಮೊದಲು ಮೊಳೆಗಳು ಸಿಕ್ಕವು. ಕೈಯಲ್ಲಿ ಹಿಡಿದು ನೋಡಿದೆ. ನೂರು ವರ್ಷದ ಮಂಟಪದ್ದಾದರೆ ತುಕ್ಕು ತಿಂದು, ಒಂದು ಗಿಡ್ಡ ಒಂದು ಉದ್ದ, ಸೊಟ್ಟಪಟ್ಟ ಇರಬೇಕಿತ್ತು. ಇವೆಲ್ಲ ಒಂದೇ ಅಳತೆಯ, ತಗಡಿನ ಸೂರಿಗೆ ಹೊಡೆಯುವ ಅಗಲ ತಲೆಯ ಮೊಳೆಗಳು, ಎಲ್ಲವೂ ನಾಲ್ಕು ಬೆರಳು ಆಳದಲ್ಲಿ. ಬೀಜ ಬಿತ್ತಿದ ಹಾಗೆ ಯಾರೋ ಬಿತ್ತಿದ್ದರು.

ಅವುಗಳ ನಡುವಿನಿಂದ ಬೆಳ್ಳಿಯ ಸದ್ದು ಬಂತು. ಒಂದೂವರೆ ಗೇಣು ತೋಡಿದೆ. ಉಂಗುರ ಕೈಗೆ ಬಂತು. ಉಗುಳು ಹಚ್ಚಿ ಒಳಮಗ್ಗುಲು ಉಜ್ಜಿದೆ, ಇಸವಿ ಓದಿದೆ. ಅದು ಇದ್ದಲ್ಲಿ ಬೆರಳಿಗೆ ತೆಳ್ಳಗಿನದೇನೋ ತಾಗಿತು. ಬೇರು ಎಂದುಕೊಂಡೆ. ಆ ಬಯಲಲ್ಲಿ ಒಂದೂ ಮರವಿಲ್ಲ ಲೊರೆಟ್ಟಾ. ಮುಂದಕ್ಕೆ ತೋಡಲು ನನಗೆ ಧೈರ್ಯ ಬರಲಿಲ್ಲ. ಮಣ್ಣು ತುಂಬಿ ಮುಚ್ಚಿ, ನೇರವಾಗಿ ಪೊಲೀಸರ ಹತ್ತಿರ ಹೋಗಿ ಉಂಗುರ ಕೊಟ್ಟೆ. ಅಲ್ಲಿದ್ದ ಹೆಂಗಸು ಎಲ್ಲ ಬರೆದುಕೊಂಡು, "ಶನಿವಾರ ಹತ್ತು ಗಂಟೆಗೆ ಅಗೆಯೋರು ಬರ್ತಾರೆ. ಅಲ್ಲೀವರೆಗೂ ವೆಂಡಲ್‌ಗೆ ಸುಳಿವು ಸಿಗಬಾರದು ಅಮ್ಮಾ," ಎಂದಳು.

ಸುಳಿವು ನಾನು ಆಗಲೇ ಬಿಟ್ಟು ಬಂದಿದ್ದೆ. ನಾಣ್ಯ ಹುಡುಕುವ ನಮ್ಮಂಥವರಲ್ಲಿ ಒಂದು ಶಿಸ್ತಿದೆ: ಹುಲ್ಲನ್ನು ಮೂರು ಕಡೆ ಕೊಯ್ದು, ನಾಲ್ಕನೆಯ ಕಡೆ ಬೇರು ಉಳಿಸಿ, ಪುಸ್ತಕದ ಹಾಳೆಯ ಹಾಗೆ ಮಡಚಿ ತೋಡಬೇಕು, ಮತ್ತೆ ಹಾಗೆಯೇ ಮುಚ್ಚಬೇಕು. ಎಲ್ಲರೂ ಎಡಕ್ಕೆ ಮಡಚುತ್ತಾರೆ. ನಾನು ಎಡಚಿ, ಬಲಕ್ಕೆ ಮಡಚುತ್ತೇನೆ. ಗುರುವಾರವೂ ಆ ಅಭ್ಯಾಸ ಬಿಡಲಿಲ್ಲ, ಅದು ವೆಂಡಲ್‌ಗೂ ಗೊತ್ತು.

ನಿನ್ನೆ ಸಂಜೆ ಅವನ ಫೋನು ಬಂತು. "ಮಂಟಪದ ಜಾಗ ಯಾರೋ ಕೆದಕಿದಾರೆ ಕಣೇ ಬರ್ನಿ. ಈ ಬಿಸಿಲಿಗೆ ಮೂರು ಕಡೆ ಹುಲ್ಲು ಬಾಡಿದೆ, ಬಲಗಡೆ ಮಾತ್ರ ಹಸಿರು."

"ಮಕ್ಕಳು ಆಟಕ್ಕೆ ತೋಡಿರ್ತಾರೆ ಬಿಡು," ಎಂದೆ.

ಅವನು ನಕ್ಕ. "ಮಕ್ಕಳು ಇಷ್ಟು ಚೆನ್ನಾಗಿ ಮುಚ್ಚಲ್ಲ. ಬೆಳಗ್ಗೆ ಏಳಕ್ಕೆ ಬರ್ತೀನಿ. ಜೊತೇಲೇ ಹೋಗಿ ನೋಡೋಣ."

ಪೊಲೀಸರಿಗೆ ತಿಳಿಸಲು ಫೋನು ಎತ್ತಿ, ಮತ್ತೆ ಇಟ್ಟೆ. ಅವರ ಗಾಡಿ ಕಂಡರೆ ಅವನು ಊರು ಬಿಟ್ಟು ಹೋಗುತ್ತಾನೆ. ನಾನು ಬಾಗಿಲು ತೆರೆಯದಿದ್ದರೆ ಅವನು ಸೀದಾ ಪಾರ್ಕಿಗೆ ಹೋಗುತ್ತಾನೆ, ಹತ್ತು ಗಂಟೆಗೆ ಬಂದವರಿಗೆ ಬರಿಯ ಗುಂಡಿ ಸಿಗುತ್ತದೆ. ಹಾಗಾಗಿ ನೀನು ಕಲಿಸಿದ ಮಜ್ಜಿಗೆ ಪ್ಯಾನ್‌ಕೇಕಿಗೆ ಹಿಟ್ಟು ಕಲಸಿಟ್ಟಿದ್ದೇನೆ. ಒಂದಾದ ಮೇಲೆ ಒಂದು ಹುಯ್ಯುತ್ತಾ ಅವನನ್ನು ಹತ್ತರ ತನಕ ಈ ಕುರ್ಚಿಯಿಂದ ಏಳಲು ಬಿಡಬಾರದು. ನನಗೆ ಭಯವಾಗುತ್ತಿದೆ, ಮುಚ್ಚುಮರೆ ಯಾಕೆ. ನನಗೇನಾದರೂ ಆದರೆ ಈ ಕಾಗದ ಹಿಟ್ಟಿನ ಡಬ್ಬಿಯೊಳಗಿರುತ್ತದೆ.

ಗಾಡಿ ನಿಂತ ಸದ್ದು. ಇನ್ನೂ ಏಳಾಗಿಲ್ಲ. ಕಿಟಕಿಯಿಂದ ಕಾಣುತ್ತಿದ್ದಾನೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದಾನೆ. ಪ್ರತಿ ಶನಿವಾರ ಅವನ ಹೆಗಲಿನ ಮೇಲೆ ಯಂತ್ರ ಇರುತ್ತಿತ್ತು. ಇವತ್ತು ಕೈಯಲ್ಲಿ ಉದ್ದ ಹಿಡಿಯ ಸಲಿಕೆ ಮಾತ್ರ ಇದೆ.

ಹನ್ನೊಂದು ವರ್ಷ ತಡೆದುಕೊಂಡಿದ್ದೀಯ, ಇನ್ನು ಮೂರು ಗಂಟೆ ತಡೆದುಕೋ. ಅಲ್ಲಿಯತನಕ ದೇವರು ನಿನ್ನ ಜೊತೆಗಿರಲಿ. ಅವನ ಜೊತೆ ನಾನಿರುತ್ತೇನೆ.

ನಿನ್ನ ಎಡಚಿ,
ಬರ್ನಿಸ್